ಹವಳ, ಕವಳ

ಬೆಳಗಿನ ಕಾಫಿಯ ಮೇಲೆ ಒಂದು ಕವಳ ಬೀಳದಿದ್ದರೆ ನನಗೆ ದಿನವೇ ಶುರುವಾಗುವುದಿಲ್ಲ. ಇವತ್ತು ಎಲೆಯ ತೊಟ್ಟು ಮುರಿದು, ನಾರು ಸಿಗಿದು, ಪಂಚೆಗೆ ಒರೆಸಿಕೊಂಡು ಸಂಚಿಗೆ ಕೈ ಹಾಕಿದರೆ ಸುಣ್ಣದ ಡಬ್ಬಿ ಇಲ್ಲ. ಸುಣ್ಣವಿಲ್ಲದೆ ಎಲೆಯಡಿಕೆ ಜಗಿಯುವುದಕ್ಕೂ ದನ ಮೇಯುವುದಕ್ಕೂ ಏನೂ ವ್ಯತ್ಯಾಸವಿಲ್ಲ. ಸೊಸೆಯನ್ನು ಕೇಳಿದೆ, ಮೊಮ್ಮಗಳನ್ನು ಕೇಳಿದೆ. ಮಗ ಬಚ್ಚಲಮನೆಯಿಂದಲೇ ಕೂಗಿದ: "ಸುಣ್ಣ ನಾನೇ ತಗೊಂಡೆ ಅಪ್ಪಯ್ಯ. ಅಣಬೆಗೆ ಬೇಕಿತ್ತು."

ಅಣಬೆಗೆ! ಸಾಗರದ ಸಂತೆಯಲ್ಲಿ ಕೊಂಡು, ಅಮೆರಿಕದ ಸನ್ನಿವೇಲ್‌ವರೆಗೆ ಪೆಟ್ಟಿಗೆಯಲ್ಲಿ ಹೊತ್ತು ತಂದ ಸುಣ್ಣ ಅದು. ಎಲೆ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಅಡಿಕೆಯೂ ಸಿಗುತ್ತದೆ. ನಾಲಿಗೆಗೆ ಹೊಂದುವ ಸುಣ್ಣ ಮಾತ್ರ ಊರಿನದೇ ಆಗಬೇಕು.

ಅಣಬೆ ಅಂದರೆ ತಿನ್ನುವ ಅಣಬೆಯಲ್ಲ. ಮಗನ ನಡುಮನೆಯಲ್ಲಿ ಒಂದು ಸಮುದ್ರವಿದೆ. ಗಾಜಿನ ತೊಟ್ಟಿ, ಉಪ್ಪುನೀರು, ಪಂಪು, ನೀಲಿ ದೀಪ, ಅದಕ್ಕೆ ತಕ್ಕ ಕರೆಂಟ್ ಬಿಲ್ಲು. ಇಂಥ ಮನೆಗಳಲ್ಲೆಲ್ಲ ಇರುವುದೇ, ವಿವರ ಬೇಡ. ಆ ತೊಟ್ಟಿಯ ಬಂಡೆಗಳ ಮೇಲೆ ಅಣಬೆ ಹವಳವೆಂಬ ಜೀವಿ ಹಬ್ಬಿಕೊಂಡಿದೆ. ನಾಲ್ಕಾಣೆಯಿಂದ ತಟ್ಟೆಯವರೆಗೆ ಅಗಲದ ಮೆತ್ತನೆಯ ಬಿಲ್ಲೆ, ನಡುವೆ ಒಂದು ಸಣ್ಣ ಬಾಯಿ, ಕೆಳಗೆ ಬಂಡೆ ಕಚ್ಚಿದ ಗಿಡ್ಡ ಕಾಲು. ಕೆಂಪು, ನೀಲಿ, ಮೈತುಂಬ ಗುಳ್ಳೆಯ ಹಸಿರು, ನೋಡಲು ಚಂದವೇ. ಹೆಸರಿಗೆ ಹವಳವಾದರೂ ಇದು ಸುಣ್ಣದ ಗೂಡು ಕಟ್ಟುವುದಿಲ್ಲ. ಮೈಗಳ್ಳ ಜಾತಿ. ಗೂಡು ಕಟ್ಟುವ ಶ್ರಮವಿಲ್ಲದ್ದರಿಂದ ಉಳಿದ ಶಕ್ತಿಯನ್ನೆಲ್ಲ ಸಂಸಾರ ಬೆಳೆಸುವುದಕ್ಕೇ ಹಾಕುತ್ತದೆ ಎಂದು ನನ್ನ ಗುಮಾನಿ. ಕಾಲು ಎಳೆದುಕೊಂಡು ಅರ್ಧ ಇಂಚು ಸರಿಯುತ್ತದೆ. ಬಿಟ್ಟುಬಂದ ಚೂರಿನಿಂದ ಮರಿ ಹುಟ್ಟುತ್ತದೆ. ನಡುವೆ ಸೀಳಿಕೊಂಡು ಎರಡಾಗುತ್ತದೆ. ಬೇಸರ ಬಂದರೆ ಬಂಡೆ ಬಿಟ್ಟು ತೇಲಿಹೋಗಿ ಇನ್ನೊಂದು ಮೂಲೆಯಲ್ಲಿ ಬಿಡಾರ ಹೂಡುತ್ತದೆ. ಪಕ್ಕದಲ್ಲಿ ಗಟ್ಟಿ ಹವಳವಿದ್ದರೆ ತಾಗಿ ಅದರ ಮೈ ಸುಡುತ್ತದೆ.

ಮಗ ಮೊದಲು ಬ್ಲೇಡಿನಿಂದ ಹೆರೆದ. ಹೆರೆದಷ್ಟೂ ಹುಟ್ಟಿತು. ಅವನಿಗೆ ಆಶ್ಚರ್ಯ, ನನಗೇನೂ ಇಲ್ಲ. ದೇವಿ ಮಹಾತ್ಮೆ ಪ್ರಸಂಗದಲ್ಲಿ ರಕ್ತಬೀಜನ ವೇಷವನ್ನು ಎಷ್ಟು ರಾತ್ರಿ ನೋಡಿದ್ದೇನೆ! ನಮ್ಮೂರ ಬಯಲಿನಲ್ಲಿ ಆಟವಾದಾಗ, ನೆಲಕ್ಕೆ ಬಿದ್ದ ಹನಿಗೊಬ್ಬನಂತೆ ಅವನು ಎದ್ದು ಬರುವ ಹೊತ್ತಿಗೆ ಚಂಡೆಯ ಪೆಟ್ಟಿಗೆ ಮಕ್ಕಳ ನಿದ್ದೆಯೆಲ್ಲ ಹಾರುತ್ತಿತ್ತು. ದೇವಿಯ ಕತ್ತಿಯಿಂದ ಅವನು ಮುಗಿಯಲಿಲ್ಲ. ಕಾಳಿ ನಾಲಿಗೆ ಚಾಚಿ ಒಂದು ಹನಿಯೂ ನೆಲಕ್ಕೆ ತಾಗದಂತೆ ಹೀರಿದ ಮೇಲೆಯೇ ಮುಗಿದದ್ದು. ತೊಟ್ಟಿಯಲ್ಲೂ ಉಪಾಯ ಅದೇ. ಪಂಪು ನಿಲ್ಲಿಸಬೇಕು, ಹೆರೆಯುವ ಜಾಗಕ್ಕೆ ಪೈಪಿನ ಬಾಯಿ ಹಿಡಿದು ಚೂರನ್ನೆಲ್ಲ ನೀರಿನ ಜೊತೆಗೇ ಹೊರಗೆಳೆಯಬೇಕು. ಸಾಧ್ಯವಾದರೆ ಬಂಡೆಯನ್ನೇ ಎತ್ತಿ, ಕಾಲು ಕಚ್ಚಿದ ಪದರವನ್ನು ಉಳಿಯಿಂದ ಕೆತ್ತಿ ಹಾಕಬೇಕು. ಇದನ್ನು ಹೇಳಿದೆ. ಮಗ ನಕ್ಕ.

ಆಮೇಲೆ ಅವನು ಹಿಡಿದದ್ದು ಸುಣ್ಣದ ದಾರಿ, ಅಲ್ಲಿಗೆ ನನ್ನ ಡಬ್ಬಿಗೆ ಶನಿ ಹಿಡಿಯಿತು. ಅವನ ಹತ್ತಿರ ಜರ್ಮನ್ ಹೆಸರು ಬರೆದ ಡಬ್ಬಿಯೊಂದಿದೆ, ಒಳಗಿರುವುದು ಶುದ್ಧ ಸುಣ್ಣದ ಪುಡಿ. ನೀರಿನಲ್ಲಿ ಕಲಸಿ ಮೊಸರಿನ ಹದಕ್ಕೆ ತಂದು ಸಿರಿಂಜಿನಲ್ಲಿ ಎಳೆದುಕೊಳ್ಳುತ್ತಾನೆ. ಪಂಪು ನಿಂತ ನೀರಿನಲ್ಲಿ ಮೊಣಕೈವರೆಗೆ ತೋಳು ಇಳಿಸಿ, ಬಿಲ್ಲೆಯ ಬಾಯಿಗೆ ಸರಿಯಾಗಿ ಒಂದು ಗುಪ್ಪೆ. ಅಣಬೆ ಅಂಚು ಮುದುಡಿಕೊಂಡು ಬಿಳಿಯ ಕೆಳಗೆ ಗುಂಡಿಯಷ್ಟಾಗುತ್ತದೆ. ಒಂದು ಸಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಹಚ್ಚುವಂತಿಲ್ಲ. ತೊಟ್ಟಿಯ ನೀರಿನ ಪಿಎಚ್ 8ರ ಆಸುಪಾಸು, ಸುಣ್ಣದ ತಿಳಿಯದು 12 ದಾಟುತ್ತದೆ. ಆಸೆಗೆ ಬಿದ್ದು ಬಳಿದರೆ ಮೀನುಗಳೂ ತೀರಿಕೊಳ್ಳುತ್ತವೆ. ನಿನ್ನೆ ಪುಡಿ ಮುಗಿದಿತ್ತಂತೆ. ಅದಕ್ಕೇ ನನ್ನದು.

ಇದರಲ್ಲಿ ಒಂದು ತಮಾಷೆಯಿದೆ. ಅದೇ ಸುಣ್ಣದ ತಿಳಿಯನ್ನು ರಾತ್ರಿ ಹನಿಹನಿಯಾಗಿ ಅವನು ಅದೇ ತೊಟ್ಟಿಗೆ ಬಿಡುತ್ತಾನೆ. ಗಟ್ಟಿ ಹವಳಗಳು ಅದರ ಕ್ಯಾಲ್ಸಿಯಂ ಹೀರಿ ಗೂಡು ಕಟ್ಟುತ್ತವೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದ ಹಿರಿಯರು ಈ ತೊಟ್ಟಿ ನೋಡಿರಲಿಲ್ಲ. ಇಲ್ಲಿ ಎರಡು ಕಣ್ಣಿಗೂ ಸುಣ್ಣವೇ, ಒಬ್ಬರಿಗೆ ಮಾತ್ರ ಅದು ಬೆಣ್ಣೆ.

ಸುಣ್ಣದ ಯೋಗ್ಯತೆ ಈಗಿನವರಿಗೆ ಗೊತ್ತಿಲ್ಲ. ಕರಾವಳಿಯಲ್ಲಿ ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಅಂದರೆ ಅದು ಹುಟ್ಟಿದ್ದೇ ಸಮುದ್ರದಲ್ಲಿ. ಗೋಡೆಗೆ ಅದು, ಕವಳಕ್ಕೆ ಅದು, ಅಡಿಕೆಯ ಕೊಳೆರೋಗಕ್ಕೂ ಅದೇ. ಹಳೇ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಕೊಳೆರೋಗದ ಬೆನ್ನುಹತ್ತಿ ಬೋರ್ಡೋ ದ್ರಾವಣ ಹೊಡೆಸಿದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಮ್ಮಪ್ಪಯ್ಯ ಎರಡನ್ನೂ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಿದ್ದ. ತಿರುವುಮುರುವು ಮಾಡಿದರೆ ಬೈಗುಳ. ಆಮೇಲೆ ಉಜ್ಜಿ ಹೊಳಪು ಬರಿಸಿದ ಚಾಕುವನ್ನು ಅದ್ದಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಪಿಎಚ್ ಎಂಬ ಹೆಸರು ಕೇಳದ ಮನುಷ್ಯ ಅದನ್ನು ಚಾಕುವಿನಲ್ಲಿ ಅಳೆಯುತ್ತಿದ್ದ. ಮಗನ ಹತ್ತಿರ ಅದಕ್ಕೊಂದು ಯಂತ್ರವಿದೆ, ಬ್ಯಾಟರಿ ಇರುವುದಿಲ್ಲ.

ಇಷ್ಟಾದರೂ ಅಣಬೆಗೆ ಸುಣ್ಣ ಹಚ್ಚುವುದು ಕೊನೆಯ ಮದ್ದಲ್ಲ ಎಂದು ನನಗನಿಸಿದ್ದು ಪಾಲ್ಮೈರಾದ ಕಥೆ ಕೇಳಿದ ಮೇಲೆ. ಹವಾಯಿಯಿಂದ ದಕ್ಷಿಣಕ್ಕೆ ಸುಮಾರು 1600 ಕಿಲೋಮೀಟರ್ ದೂರದ ಹವಳದ್ವೀಪ ಅದು. 1991ರಲ್ಲಿ ಅಲ್ಲೊಂದು ಮೀನುಗಾರಿಕೆ ಹಡಗು ದಿಬ್ಬಕ್ಕೆ ಬಡಿದು ಕೂತುಬಿಟ್ಟಿತು. ಅದರ ಸುತ್ತ ರೋಡಾಕ್ಟಿಸ್ ಎಂಬ ಇದೇ ಕುಲದ ಅಣಬೆ ಹವಳ ಚಾಪೆ ಹಾಸಿದ ಹಾಗೆ ಹಬ್ಬಿ ಗಟ್ಟಿ ಹವಳವನ್ನು ಮುಚ್ಚಿಹಾಕಿತು. ಹಡಗಿನ ಹತ್ತಿರ ದಟ್ಟ, ದೂರ ಹೋದಂತೆ ವಿರಳ, ತೇಲುಗುಂಡು ಕಟ್ಟಿದಲ್ಲಿ ಮತ್ತೆ ದಟ್ಟ ಎಂದು 2008ರಲ್ಲಿ ಸಂಶೋಧಕರು ಬರೆದರು. ತುಕ್ಕು ಹಿಡಿದ ಕಬ್ಬಿಣವೇ ಅದಕ್ಕೆ ಗೊಬ್ಬರವಾಯಿತೆಂದು ಅವರ ಅನುಮಾನ. 2013–14ರಲ್ಲಿ ಆ ಗೊಬ್ಬರದ ಮೂಲವನ್ನೇ ತೆಗೆಯಲೆಂದು ಅಮೆರಿಕ ಸರ್ಕಾರ ಹಡಗನ್ನು ಕತ್ತರಿಸಿ ಹೊತ್ತೊಯ್ದಿತು.

ನಮ್ಮ ತೊಟ್ಟಿಯ ಹಡಗು ನನ್ನ ಮೊಮ್ಮಗಳು. ಮೀನಿಗೆ ಹಸಿವು ಎಂದು ಅವಳು ದಿನಕ್ಕೆ ಎಷ್ಟು ಸಲ ಮುಷ್ಟಿ ಬಿಚ್ಚುತ್ತಾಳೋ. ಮೀನು ಬಿಟ್ಟದ್ದು ಕೊಳೆತು ನೈಟ್ರೇಟು, ಫಾಸ್ಫೇಟು ಆಗುತ್ತದೆ. ಗಟ್ಟಿ ಹವಳ ಕಂಗೆಡುವ ಆ ನೀರಿನಲ್ಲಿ, ಮಬ್ಬು ಬೆಳಕಿನ ಮೂಲೆಯಲ್ಲಿ, ಅಣಬೆ ಉಬ್ಬಿ ಕೂರುತ್ತದೆ. ಅವಳಿಗೆ ಯಾರು ಹೇಳುತ್ತಾರೆ? ಅಜ್ಜನಂತೂ ಹೇಳುವುದಿಲ್ಲ.

ಅಂದ ಹಾಗೆ, ಇದೇ ಜಾತಿಯಲ್ಲಿ ಮೈಮೇಲೆ ಗುಳ್ಳೆ ಎದ್ದದ್ದು, ಬಣ್ಣ ಚೆಲ್ಲಿದಂತಿರುವುದು ಬಿಲ್ಲೆಯೊಂದಕ್ಕೆ ನೂರಾರು ಡಾಲರಿಗೆ ಹೋಗುತ್ತದೆ. ಮಗನೂ ಒಂದು ತಂದಿಟ್ಟಿದ್ದಾನೆ. ಅದು ಕೂತಲ್ಲೇ ಕೂತಿದೆ, ಒಂದು ಮರಿ ಹಾಕಿಲ್ಲ. ಪುಕ್ಕಟೆ ಬಂದ ಕೆಂಪು ಮಾತ್ರ ಬಂಡೆಯೆಲ್ಲ ತನ್ನದೆನ್ನುತ್ತಿದೆ.

ಹೊಸದಾಗಿ ತೊಟ್ಟಿ ಇಡುವವರಿಗೆ ನನ್ನದೊಂದು ಮಾತು. ಗೆಳೆಯರು ಅಣಬೆ ಹವಳ ಕೊಟ್ಟರೆ ಬೇಡ ಅನ್ನಬೇಡಿ, ಆದರೆ ದೊಡ್ಡ ಬಂಡೆಗೆ ಅಂಟಿಸಬೇಡಿ. ಬೇರೊಂದು ಒಂಟಿ ಕಲ್ಲಿನ ಮೇಲೆ, ಸುತ್ತ ಒಂದು ಗೇಣು ಮರಳು ಬಿಟ್ಟು ಇಡಿ. ತೇಲಿಹೋಗುವವು ಹೋಗುತ್ತವೆ, ತೆವಳುವವು ಸಾಮಾನ್ಯವಾಗಿ ಮರಳು ದಾಟುವುದಿಲ್ಲ. ತೀರ ಮಿತಿಮೀರಿದರೆ ಆ ಕಲ್ಲೊಂದನ್ನು ಎತ್ತಿ ಹೊರಗಿಡಬಹುದು.