ಒತ್ತಕ್ಷರಕ್ಕೂ ಜಾಗ ಬೇಕು

ನಲವತ್ತು ದಾಟಿದ ಮೇಲೆ, ಅಚ್ಚಿನವರು ಕಾಗದ ಉಳಿಸಲೆಂದೇ ಅಕ್ಷರಗಳನ್ನು ಚಿಕ್ಕದು ಮಾಡುತ್ತಿದ್ದಾರೆಂಬ ಅನುಮಾನ ಎಲ್ಲರಿಗೂ ಬರುತ್ತದೆ. ನಿಜ ಸಂಗತಿ ಬೇರೆ: ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ. ಬಿ.ಎಸ್‌ಸಿ. ಓದಿದ್ದಕ್ಕೆ ಗುಮಾಸ್ತನಾದ ನಾನು ಇಷ್ಟಾದರೂ ಹೇಳಬಲ್ಲೆ. ಇದಕ್ಕೆ ಕನ್ನಡಕ ಒಂದು ಉಪಾಯ. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದಾದ ಇ-ರೀಡರ್ ಇನ್ನೊಂದು.

ಜೀಡಿಮೆಟ್ಲಾದ ನಮ್ಮ ಮನೆಯಲ್ಲಿ ಕನ್ನಡ ಪುಸ್ತಕವೆಂದರೆ ಊರಿಗೆ ಹೋದವರು ತಂದದ್ದು. ಆದ್ದರಿಂದ ಈ ಪುಟ್ಟ ಯಂತ್ರಕ್ಕೆ ಮೂವರು ಓದುಗರು: ನಾನು, ನಮ್ಮ ತಾಯಿಯವರು, ಏಳನೆಯ ತರಗತಿಯ ಮಗಳು.

ಎಲ್ಲರೂ ಮೊದಲು ಅಕ್ಷರವನ್ನು ದೊಡ್ಡದು ಮಾಡುತ್ತಾರೆ. ಕನ್ನಡಕ್ಕೆ ಅದಕ್ಕಿಂತ ಮುಖ್ಯವಾದದ್ದು ಸಾಲುಗಳ ನಡುವಿನ ಅಂತರ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ದಲ್ಲಂತೂ ಒಂದೇ ಷಕಾರಕ್ಕೆ ಎರಡು ಒತ್ತು. ಸಾಲುಗಳು ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಚೇರಿಯ ಕರಡಿನಲ್ಲಿ ಡಬಲ್ ಸ್ಪೇಸ್ ಬಿಡುವುದು ಸಾಹೇಬರ ತಿದ್ದುಪಡಿಗಾಗಿ. ಕನ್ನಡದಲ್ಲಿ ಆ ಜಾಗ ಒತ್ತಕ್ಷರದ ಹಕ್ಕು. ನಾವು ಅಕ್ಷರದ ಅಳತೆಯ ಒಂದೂವರೆಯಷ್ಟು ಅಂತರ ಇಟ್ಟುಕೊಂಡಿದ್ದೇವೆ.

ಇನ್ನು ಫಾಂಟು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಎರಡೂ ಉಚಿತವಾಗಿ ದೊರೆಯುತ್ತವೆ. ಮೊದಲನೆಯದರ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪ. ಎರಡನೆಯದರಲ್ಲಿ ದಪ್ಪ-ತೆಳುವಿನ ಏರಿಳಿತವುಂಟು. ಪುಸ್ತಕದ ಹಾಗೆಯೇ ಇದೆಯೆಂದು ತಾಯಿಯವರು ಎರಡನೆಯದನ್ನೇ ಒಪ್ಪಿದರು. ಸ್ಪಷ್ಟವಾಗಲೆಂದು ಅಕ್ಷರವನ್ನು ತೀರ ದಪ್ಪ ಮಾಡಬಾರದು. ದಕಾರ-ಧಕಾರ, ಪಕಾರ-ಫಕಾರಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು. ಅದು ಮುಚ್ಚಿಹೋದರೆ ‘ಧನ’ ‘ದನ’ವಾದೀತು!

ಮಗಳ ಪ್ರಶ್ನೆ ಬೇರೆ. 2018ರ ಕಾಯಿದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಕಲಿಯಲಿ, ಸಂತೋಷವೇ. ಆದರೆ ಅವಳು ಕನ್ನಡ ಓದುವುದು ಮನೆಯಲ್ಲಿ ಮಾತ್ರ, ಅದೂ ಅಕ್ಷರ ಕೂಡಿಸಿಕೊಂಡು. ಎರಡು ಲಿಪಿಗಳೂ ಅಕ್ಕತಂಗಿಯರು. ತೆಲುಗಿನ ತಲೆಕಟ್ಟು ‘ಸರಿ’ ಗುರುತಿನ ಹಾಗೆ, ನಮ್ಮದು ಅಡ್ಡಗೆರೆ. ಅಲಂಕಾರದ ಫಾಂಟಿನಲ್ಲಿ ಈ ವ್ಯತ್ಯಾಸ ಮಸುಕಾದರೆ ಮಗು ತಡವರಿಸುತ್ತದೆ. ನಾಲ್ಕು ಸಲ ತಡವರಿಸಿದರೆ ಪುಸ್ತಕವನ್ನೇ ಕೆಳಗಿಡುತ್ತದೆ. ಹೊರನಾಡಿನ ಮನೆಯಲ್ಲಿ ಕನ್ನಡ ಬಿಟ್ಟುಹೋಗುವುದು ಇಂಥ ಸಣ್ಣ ಕಾರಣಗಳಿಂದಲೇ. ಅವಳಿಗೆ ಸಾದಾ ಫಾಂಟು, ಇನ್ನೂ ಸ್ವಲ್ಪ ದೊಡ್ಡ ಅಕ್ಷರ. ಸಾಲಿನ ಬಲತುದಿಯನ್ನು ಸಮ ಮಾಡುವ ಏರ್ಪಾಡನ್ನೂ ತೆಗೆದಿದ್ದೇವೆ. ನಮ್ಮ ಉದ್ದುದ್ದ ಪದಗಳಿಂದಾಗಿ ಅದರಲ್ಲಿ ನಡುನಡುವೆ ಬಾವಿಯಂಥ ಖಾಲಿ ಬೀಳುತ್ತದೆ.

ಪಿಡಿಎಫ್ ಪುಟಗಳಿಗೆ ಈ ಸೌಕರ್ಯವಿಲ್ಲ. ಅಲ್ಲಿ ಇಡೀ ಪುಟವನ್ನೇ ಹಿಗ್ಗಿಸಬೇಕು. ಇ-ಪಬ್ ಪುಸ್ತಕವಾದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಯೂನಿಕೋಡ್‌ಗೆ ಮುಂಚಿನ ಹಳೆಯ ನುಡಿ, ಬರಹ ಕಡತಗಳನ್ನು ಮೊದಲು ಪರಿವರ್ತಿಸಿಕೊಳ್ಳದಿದ್ದರೆ ಬರೀ ಕಲಸುಮೇಲೋಗರ.

ಯಂತ್ರ ಕೊಳ್ಳುವ ಸದಸ್ಯರು ರಾಷ್ಟ್ರ, ಸ್ತ್ರೀ, ಜ್ಞಾನ ಎಂಬ ಮೂರು ಪದಗಳನ್ನು ಅದರಲ್ಲಿ ತೆರೆದು ನೋಡಲಿ. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಂತರೆ, ಬೇರೊಂದು ಫಾಂಟು ಹಾಕಿ ನೋಡಬೇಕು. ಆಗಲೂ ಕೂಡದಿದ್ದರೆ ಆ ಯಂತ್ರಕ್ಕೇ ಕನ್ನಡ ಬಾರದು. ದುಡ್ಡು ಜೇಬಿನಲ್ಲೇ ಇರಲಿ.