ಹಾತಕಣಂಗಲೆಯಿಂದ ಶ್ರೀಹರಿಕೋಟೆಗೆ: ಅಮಾವಾಸ್ಯೆಯ ರಾತ್ರಿ ಕಂಡ ಬೆಳಕು

ಹಾತಕಣಂಗಲೆ ಎಂದರೆ ದೂರದ ಊರಿನವರಿಗೆ ಮೀರಜ್-ಕೊಲ್ಹಾಪುರ ಮಾರ್ಗದ ಒಂದು ರೈಲು ನಿಲ್ದಾಣ, ಅಷ್ಟೆ. ಈ ಭಾಗದವರಿಗೆ ಮಾತ್ರ ಅದು ತಾಲ್ಲೂಕಿನ ಊರು, ಮಗ್ಗಗಳ ನಗರವಾದ ಇಚಲಕರಂಜಿಯವರು ರೈಲು ಹತ್ತುವ ಊರು. ಬೆಳ್ಳಿ ಆಭರಣಗಳಿಗೆ ಹೆಸರಾದ ಹುಪರಿಯೂ ಇದೇ ತಾಲ್ಲೂಕಿನಲ್ಲಿದೆ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎನ್ನುವ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ಕೊಲ್ಹಾಪುರದಿಂದ ತಿರುಪತಿಗೆ ಹೋಗುವ ಹರಿಪ್ರಿಯ ಎಕ್ಸ್‌ಪ್ರೆಸ್ ಈ ದಾರಿಯಲ್ಲೇ ಸಾಗುತ್ತದೆ. ವರ್ಷವಿಡೀ ಅದರಲ್ಲಿ ತಿಮ್ಮಪ್ಪನ ಯಾತ್ರಿಕರು ತುಂಬಿರುತ್ತಾರೆ. 2024ರ ಡಿಸೆಂಬರ್ 29, ಭಾನುವಾರ, ಪವಿತ್ರ ಕುಟುಂಬದ ಹಬ್ಬ. ಬೆಳಗಿನ ಬಲಿಪೂಜೆ ಮುಗಿಸಿ ಅದೇ ಗಾಡಿಗೆ ನಾವು ಹನ್ನೊಂದು ಮಂದಿ ಹತ್ತಿದೆವು. ನಮ್ಮ ಯಾತ್ರೆ ಮಾತ್ರ ಬೇರೆ. ಮರುದಿನ ರಾತ್ರಿ ಶ್ರೀಹರಿಕೋಟೆಯಿಂದ ಮೇಲೇರಲಿದ್ದ ರಾಕೆಟನ್ನು ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಅದರ ಒಂದು ಒಳ್ಳೆಯ ಚಿತ್ರ ತೆಗೆಯಬೇಕು ಎಂಬುದು ನಮ್ಮ ಆಸೆ.

ನಮ್ಮ ತಂಡದಲ್ಲಿ ಯುವಜನರೇ ಹೆಚ್ಚು. ಮದುವೆ ಸಮಾರಂಭಗಳ ಫೋಟೋ ತೆಗೆಯುವ ಒಬ್ಬ ತರುಣ, ಒಬ್ಬರು ಅಜ್ಜಿ, ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗ ನಡೆಸುವ ಒಬ್ಬ ತಂದೆ, ಅವರ ಜೊತೆ ಹನ್ನೆರಡನೇ ತರಗತಿಯ ವಿಜ್ಞಾನ ಓದುತ್ತಿದ್ದ ಮಗಳು. ಆ ಮಗಳಿಗೆ ಮುಂದೆ ಬಾಹ್ಯಾಕಾಶ ವಿಜ್ಞಾನ ಓದುವ ಹಂಬಲ. ಅದಕ್ಕೆಂದೇ 2007ರಲ್ಲಿ ಆರಂಭವಾದ ಸಂಸ್ಥೆ ತಿರುವನಂತಪುರದಲ್ಲಿದೆ. ತಂದೆಗೆ ಮಗಳ ಮೇಲೆ ಜೀವ. ಅಷ್ಟು ದೂರ ಕಳಿಸಲು ಮನಸ್ಸಿಲ್ಲ. "ಒಮ್ಮೆ ಹೋದ ಮಕ್ಕಳು ತಿರುಗಿ ಬರೂದಿಲ್ರಿ ಫಾದರ್" ಎಂದು ಗಾಡಿಯಲ್ಲಿ ಕೂತೊಡನೆ ಅವರು ಹೇಳಿದರು. ನಾವು ಉತ್ತರ ಕೊಡಲಿಲ್ಲ. ಬೆಳಗಾವಿ, ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ದಾಟಿ ಗಾಡಿ ರಾತ್ರಿಯಿಡೀ ಓಡಿತು.

ಸರೋವರದ ದಂಡೆಯಲ್ಲಿ

ತಿರುಪತಿಯಲ್ಲಿ ಇಳಿದು, ಶ್ರೀಕಾಳಹಸ್ತಿ, ನಾಯುಡುಪೇಟೆ ಮಾರ್ಗವಾಗಿ ಬಸ್ಸಿನಲ್ಲಿ ಸುಳ್ಳೂರುಪೇಟೆ ಸೇರಿದೆವು. ಶ್ರೀಹರಿಕೋಟೆ ಇಲ್ಲಿಂದ ಪೂರ್ವಕ್ಕಿರುವ ದ್ವೀಪ. ನಡುವೆ ಪುಲಿಕಾಟ್ ಸರೋವರ. ಒಡಿಶಾದ ಚಿಲಿಕಾ ಬಿಟ್ಟರೆ ನಮ್ಮ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ ಇದೇ. ಚಳಿಗಾಲದಲ್ಲಿ ರಾಜಹಂಸಗಳು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಅವುಗಳ ಹೆಸರಿನಲ್ಲೇ ಇಲ್ಲಿ ಪಕ್ಷಿ ಹಬ್ಬ ನಡೆಯುತ್ತದೆ. ಸರೋವರದ ನೀರನ್ನು ಸೀಳಿಕೊಂಡು ಹೋಗುವ ನೇರ ರಸ್ತೆಯೇ ರಾಕೆಟ್ ಕೇಂದ್ರದ ದಾರಿ.

ಈ ದ್ವೀಪವನ್ನು ಆರಿಸಿದ್ದು 1969ರಲ್ಲಿ. ಪೂರ್ವಕ್ಕೆ ಬಂಗಾಳ ಕೊಲ್ಲಿ ಇರುವುದರಿಂದ ಉರಿದು ಕಳಚುವ ಭಾಗಗಳು ಜನರ ಮೇಲೆ ಬೀಳದೆ ಸಮುದ್ರಕ್ಕೆ ಬೀಳುತ್ತವೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವಕ್ಕೆ ಹಾರುವ ರಾಕೆಟಿಗೆ ಆ ವೇಗವೂ ಪುಕ್ಕಟೆಯಾಗಿ ಸಿಗುತ್ತದೆ. 1971ರ ಅಕ್ಟೋಬರ್ 9ರಂದು ರೋಹಿಣಿ ಎಂಬ ಪುಟ್ಟ ರಾಕೆಟಿನಿಂದ ಇಲ್ಲಿ ಕೆಲಸ ಆರಂಭವಾಯಿತು. 2002ರಲ್ಲಿ ಕೇಂದ್ರಕ್ಕೆ ಸತೀಶ್ ಧವನ್ ಅವರ ಹೆಸರಿಡಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ದೀರ್ಘಕಾಲ ನಡೆಸಿದ ಆ ಮಹನೀಯರು ಕನ್ನಡಿಗರಿಗೆ ಹೊಸಬರಲ್ಲ.

2019ರಿಂದ ಸಾರ್ವಜನಿಕರು ಉಡಾವಣೆ ನೋಡಲು ದ್ವೀಪದಲ್ಲೇ ಗ್ಯಾಲರಿ ಇದೆ. ಅದಕ್ಕೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ನಾವು ಹನ್ನೊಂದು ಮಂದಿಯೂ ಒಟ್ಟಿಗೆ ಇರಬೇಕೆಂದು ಸುಳ್ಳೂರುಪೇಟೆಯ ಹೊರಗೆ ಸರೋವರದ ದಂಡೆಯನ್ನೇ ಆರಿಸಿಕೊಂಡೆವು. ಉಡಾವಣೆಯ ಸ್ಥಳ ಅಲ್ಲಿಂದ ಸುಮಾರು 20 ಕಿಲೋಮೀಟರ್. ಊರಿನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಕಡಲೆಕಾಯಿ ಮಾರುವವನೂ ಹಾಜರಿದ್ದ. ಉಡಾವಣೆಯ ದಿನ ಈ ಭಾಗದ ಮೀನುಗಾರರು ದೋಣಿಗಳನ್ನು ಸಮುದ್ರಕ್ಕೆ ಇಳಿಸುವಂತಿಲ್ಲ. ಅವರ ಪಾಲಿಗೆ ಅದು ದುಡಿಮೆ ಬಿಟ್ಟ ದಿನ.

"ಸೋಮವಾರ ಅಮಾಸಿ ಅದ, ಇಂಥಾ ದಿನ ಯಾರರ ಹೊಂಟ ನಿಲ್ತಾರೇನು?" ಎಂದು ಅಜ್ಜಿ ಗೊಣಗಿದರು. ಫೋಟೋಗ್ರಾಫರ್ ತರುಣನಿಗೆ ಮಾತ್ರ ಅಮಾವಾಸ್ಯೆಯೇ ಬೇಕಾಗಿತ್ತು. ಚಂದ್ರನ ಬೆಳಕಿಲ್ಲದ ಆಕಾಶ ಕಪ್ಪು ಹಲಗೆಯಂತಿರುತ್ತದೆ, ಅದರ ಮೇಲೆ ಬೆಂಕಿಯ ಗೆರೆ ಚೆನ್ನಾಗಿ ಮೂಡುತ್ತದೆ. ನೆತ್ತಿಯ ಕಡೆ ಗುರುಗ್ರಹ ಹೊಳೆಯುತ್ತಿತ್ತು, ಪೂರ್ವಕ್ಕೆ ಕೆಂಪು ಮಂಗಳ. ಮೂರು ಜ್ಞಾನಿಗಳ ಹಬ್ಬಕ್ಕೆ ಒಂದೇ ವಾರವಿತ್ತು. ಆಕಾಶ ನೋಡುತ್ತಾ ಊರು ಬಿಟ್ಟು ಹೊರಟವರು ಅವರೂ ಅಲ್ಲವೇ!

ಕಣ್ಣು ಕಂಡದ್ದು, ಕ್ಯಾಮೆರಾ ಕಂಡದ್ದು

ತರುಣ ಮುಕ್ಕಾಲಿ ಸ್ಟ್ಯಾಂಡನ್ನು ಗಟ್ಟಿ ನೆಲದಲ್ಲಿ ಊರಿದ. ದೂರದ ಒಂದು ದೀಪಕ್ಕೆ ಫೋಕಸ್ ಹಿಡಿದು, ಅದು ಅಲುಗದಂತೆ ಲೆನ್ಸಿಗೆ ಟೇಪು ಸುತ್ತಿದ. ಐಎಸ್‌ಒ 100, ಕಿಂಡಿ ಎಫ್ 11. ಶಟರನ್ನು ಎರಡು ಮೂರು ನಿಮಿಷ ತೆರೆದೇ ಇಡುವ ಏರ್ಪಾಡು. ಸರೋವರದ ತೇವದ ಗಾಳಿಗೆ ಲೆನ್ಸ್ ಮಂಜಾಗುತ್ತಿತ್ತು; ಅದನ್ನು ಮೆತ್ತನೆ ಬಟ್ಟೆಯಿಂದ ಒರೆಸುವ ಕೆಲಸ ನಮ್ಮದಾಯಿತು. ನಾವೆಲ್ಲ ಮೊಬೈಲ್ ಎತ್ತಿ ಹಿಡಿದಾಗ ಅವನು ನಕ್ಕ. "ಫಾದರ್, ಇದನ್ನ ಕ್ಯಾಮೆರಾಕ್ಕ ಬಿಡ್ರಿ. ನೀವು ಬರೇ ಕಣ್ಣಿಂದ ನೋಡ್ರಿ. ಕಣ್ಣು ಚುಕ್ಕಿ ನೋಡ್ತದ, ಕ್ಯಾಮೆರಾ ದಾರಿ ನೋಡ್ತದ" ಎಂದ. ಬುದ್ಧಿವಂತ ಮಾತು ಎನಿಸಿ ಮೊಬೈಲನ್ನು ಜೇಬಿಗೆ ಹಾಕಿದೆವು.

ಮೊದಲು ತಿಳಿಸಿದ್ದ ಸಮಯ ರಾತ್ರಿ 9 ಗಂಟೆ 58 ನಿಮಿಷ. ಅದನ್ನು ಎರಡು ನಿಮಿಷ ಮುಂದೂಡಿದ್ದರು. ಮೇಲೆ ಸುತ್ತುವ ಬೇರೆ ಉಪಗ್ರಹಗಳ ದಾರಿಗೆ ನಮ್ಮ ಉಪಗ್ರಹಗಳು ಅಡ್ಡ ಬರಬಾರದೆಂಬ ಎಚ್ಚರಿಕೆ ಅದು. ಆಕಾಶದಲ್ಲೂ ಇನ್ನೊಬ್ಬರಿಗೆ ದಾರಿ ಬಿಡಬೇಕಾದ ಕಾಲ ಬಂದಿದೆ!

ಸರಿಯಾಗಿ ಹತ್ತು ಗಂಟೆ ಕಳೆದು ಹದಿನೈದು ಸೆಕೆಂಡಿಗೆ ಪೂರ್ವದ ಅಂಚು ಬೆಳಗಿತು. ಅವೇಳೆಯಲ್ಲಿ ಸೂರ್ಯ ಹುಟ್ಟಿದ ಹಾಗೆ ಕಿತ್ತಳೆ ಬೆಳಕು ನೀರಿನ ಮೇಲೆ ಹರಡಿತು. ನೋಡುತ್ತಿದ್ದಂತೆ ಒಂದು ಉರಿಯುವ ಕಿಡಿ ನಿಧಾನವಾಗಿ, ಯಾರೋ ಕೈಯಿಂದ ಎತ್ತಿದಂತೆ, ನೇರ ಮೇಲೇರಿತು. ಆಮೇಲೆ ಬಾಗುತ್ತಾ ಆಗ್ನೇಯದ ಕಡೆ ಸಾಗಿತು. ಆಶ್ಚರ್ಯವೆಂದರೆ ಸದ್ದೇ ಇಲ್ಲ! ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಹಾಗಾಗಿ ಬೆಂಕಿ ಆಕಾಶದ ಎತ್ತರಕ್ಕೆ ಹೋದ ಮೇಲೆ, ಹೆಚ್ಚುಕಡಿಮೆ ಒಂದು ನಿಮಿಷ ತಡವಾಗಿ, ನೆಲದಿಂದಲೇ ಎದ್ದಂಥ ಗುಡುಗು ನಮ್ಮನ್ನು ಮುಟ್ಟಿತು. "ರಾತ್ರಿಪಾಳಿಯೊಳಗ ನಮ್ಮ ಮಗ್ಗದ ಗಲ್ಲಿ ದೂರಿಂದ ಕೇಳಿಧಂಗ ಆತು" ಎಂದರು ಇಚಲಕರಂಜಿಯ ತಂದೆ. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡರು.

ಎರಡು ನಿಮಿಷದೊಳಗೆ ಮೊದಲ ಹಂತ ಉರಿದು ಮುಗಿಯಿತು. ಬೆಳಕು ಕ್ಷಣಕಾಲ ಮಂಕಾಗಿ ಮತ್ತೆ ಚಿಕ್ಕ ಚುಕ್ಕಿಯಾಗಿ ಮುಂದುವರಿದು, ಕೊನೆಗೆ ನಕ್ಷತ್ರಗಳ ನಡುವೆ ಯಾವುದು ಯಾವುದೆಂದು ತಿಳಿಯದಂತಾಯಿತು. ಆಗ ತರುಣ ಶಟರ್ ಮುಚ್ಚಿದ. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಕಪ್ಪು ಆಕಾಶದಲ್ಲಿ ಒಂದು ಬಂಗಾರದ ಕಮಾನು, ಕೆಳಗೆ ನೀರಿನಲ್ಲಿ ಅದರದೇ ಪ್ರತಿಬಿಂಬ. ನಮ್ಮ ಕಣ್ಣು ಕಾಣದಿದ್ದ ಇಡೀ ದಾರಿ ಅಲ್ಲಿತ್ತು. ಗೆರೆಯ ಆರಂಭ ದಪ್ಪ, ತುದಿ ಕೂದಲೆಳೆ.

ಬಿಟ್ಟುಕೊಟ್ಟವರು

ಸುಮಾರು ಹದಿನೈದು ನಿಮಿಷಕ್ಕೆ, ಎರಡೂ ಉಪಗ್ರಹಗಳು ಬೇರ್ಪಟ್ಟ ಸುದ್ದಿಯನ್ನು ಮೊಬೈಲಿನಲ್ಲಿ ಕೇಳಿ ಜನ ಚಪ್ಪಾಳೆ ತಟ್ಟಿದರು. ಮಗಳು ತಂದೆಗೆ ಲೆಕ್ಕ ವಿವರಿಸಿದಳು. ಪಿಎಸ್‌ಎಲ್‌ವಿ-ಸಿ60 ಎಂಬ ಈ ರಾಕೆಟಿನ ಎತ್ತರ 44.5 ಮೀಟರ್, ನೆಲ ಬಿಡುವಾಗಿನ ತೂಕ ಸುಮಾರು 229 ಟನ್. ಅದು ಕಕ್ಷೆಯಲ್ಲಿ ಬಿಟ್ಟ ಉಪಗ್ರಹಗಳು ಎರಡು, ಒಂದೊಂದು ಸುಮಾರು 220 ಕಿಲೋ. ಸಾವಿರ ಕಿಲೋ ಹೊರಟರೆ ಎರಡು ಕಿಲೋ ಕೂಡ ಮುಟ್ಟುವುದಿಲ್ಲ!

"ಉಳಿದದ್ದೆಲ್ಲಾ?" ಎಂದು ತಂದೆ ಕೇಳಿದರು.

"ಉರದು ಹೋಗ್ತದಪ್ಪಾ, ಇಲ್ಲಾ ಕಳಚಿ ಬೀಳ್ತದ. ಬಿಡಲಿಲ್ಲಂದ್ರ ಮ್ಯಾಲ ಹೋಗೂದಿಲ್ಲ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ನಮಗೆ ಆಗ ನೆನಪಾದದ್ದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಹತ್ತಿರ ಹಾಯುವುದರಿಂದ, ಮೇಲಿನ ವಾತಾವರಣದ ಅಧ್ಯಯನಕ್ಕೆ ಆ ಜಾಗವೇ ಸೂಕ್ತವೆಂದು 1960ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅಲ್ಲಿ ಮಗ್ದಲದ ಸಂತ ಮರಿಯಳ ದೇವಾಲಯವಿತ್ತು, ಸುತ್ತ ವಿಶ್ವಾಸಿಗಳ ಮನೆಗಳಿದ್ದವು. ಡಾ. ವಿಕ್ರಮ್ ಸಾರಾಭಾಯಿ ಅವರು ತಿರುವನಂತಪುರದ ಧರ್ಮಾಧ್ಯಕ್ಷರಾದ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಆ ಜಾಗ ಕೇಳಿದರು. ಮುಂದೆ ನಡೆದದ್ದನ್ನು ಡಾ. ಅಬ್ದುಲ್ ಕಲಾಂ ಹಲವು ಕಡೆ ಹೇಳಿದ್ದಾರೆ. ಧರ್ಮಾಧ್ಯಕ್ಷರು ತಾವೊಬ್ಬರೇ ತೀರ್ಮಾನಿಸದೆ ಭಾನುವಾರದ ಪೂಜೆಗೆ ಸಾರಾಭಾಯಿ ಅವರನ್ನು ಕರೆದು, ಜನರ ಮುಂದೆ ವಿಷಯವಿಟ್ಟು, ದೇವರ ಈ ಮನೆಯನ್ನು ವಿಜ್ಞಾನಕ್ಕೆ ಕೊಡೋಣವೇ ಎಂದು ಕೇಳಿದರು. ಜನ ಕೊಟ್ಟ ಉತ್ತರ ಒಂದೇ: ಆಮೆನ್.

ದೇವಾಲಯವೇ ಕಾರ್ಯಾಗಾರವಾಯಿತು. ಧರ್ಮಾಧ್ಯಕ್ಷರ ಮನೆ ಕಚೇರಿಯಾಯಿತು. ಜನ ಬೇರೆಡೆ ಮನೆ ಕಟ್ಟಿಕೊಂಡರು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ನೈಕಿ-ಅಪಾಚೆ ಎಂಬ ಅಮೆರಿಕದ ರಾಕೆಟ್ ಏರಿತು. ಕತ್ತಲಾಗುತ್ತಿದ್ದ ಆಕಾಶದಲ್ಲಿ ಅದು ಸೋಡಿಯಂ ಆವಿ ಚೆಲ್ಲಿದಾಗ ಕಿತ್ತಳೆ ಬಣ್ಣದ ಮೋಡ ಮೂಡಿ, ದೂರದೂರದ ಜನ ಮನೆಯಿಂದ ಹೊರಬಂದು ನೋಡಿದರು. ಅಂಥ ಮೋಡ ಗಾಳಿಗೆ ಹೇಗೆ ಸರಿಯುತ್ತದೆಂದು ನೆಲದಿಂದ ಫೋಟೋ ತೆಗೆದೇ ವಿಜ್ಞಾನಿಗಳು ಮೇಲಿನ ಗಾಳಿಯ ವೇಗ ಅಳೆಯುತ್ತಿದ್ದರು. ನಮ್ಮ ದೇಶದ ಬಾಹ್ಯಾಕಾಶದ ಕಥೆ ಆರಂಭವಾದದ್ದೇ ಹೀಗೆ. ಆ ದೇವಾಲಯದ ಕಟ್ಟಡ ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಶ್ರೀಹರಿಕೋಟೆಯಲ್ಲೂ ಮೊದಲಿನಿಂದ ಇದ್ದ ಯಾನಾದಿ ಬುಡಕಟ್ಟಿನವರು ಜಾಗ ಬಿಡಬೇಕಾಯಿತು. ಅವರನ್ನು ಯಾವ ಪೂಜೆಯಲ್ಲಿ ಯಾರು ಕೇಳಿದರು? ಚಪ್ಪಾಳೆಯ ನಡುವೆ ಈ ಪ್ರಶ್ನೆಯನ್ನೂ ನಾವು ಮರೆಯಬಾರದು.

ಹೆಸರನ್ನು ಬಿಟ್ಟುಕೊಟ್ಟವರೂ ಇದ್ದಾರೆ. 1979ರ ಆಗಸ್ಟ್ 10ರಂದು ಇದೇ ದ್ವೀಪದಿಂದ ಹಾರಿದ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿತ್ತು. ಆ ಯೋಜನೆಯ ನಾಯಕರು ಕಲಾಂ. ಆದರೆ ಪತ್ರಕರ್ತರ ಮುಂದೆ ಹೋಗಿ ಸೋಲಿನ ಹೊಣೆ ಹೊತ್ತವರು ಅಧ್ಯಕ್ಷರಾದ ಸತೀಶ್ ಧವನ್. ಮರುವರ್ಷ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಅವರು ಪತ್ರಕರ್ತರ ಬಳಿಗೆ ಕಳಿಸಿದ್ದು ಕಲಾಂ ಅವರನ್ನು. ಕಲಾಂ ಇದನ್ನು ಜೀವನವಿಡೀ ನೆನೆದರು.

ಮೊಳಕೆಯೊಡೆದ ಕಾಳು

ನಾವು ನೋಡಿದ ಆ ಬೆಂಕಿ ಏನು ಮಾಡಿತು ಎಂದು ಓದುಗರು ಕೇಳಬಹುದು. ಬಿಡಿಬಿಡಿಯಾಗಿ ಹೊರಟ ಆ ಎರಡು ಉಪಗ್ರಹಗಳು 2025ರ ಜನವರಿ 16ರಂದು ಆಕಾಶದಲ್ಲಿ ಒಂದನ್ನೊಂದು ಹುಡುಕಿಕೊಂಡು ಕೂಡಿಕೊಂಡವು. ರಷ್ಯಾ, ಅಮೆರಿಕ, ಚೀನಾಗಳ ನಂತರ ಇದನ್ನು ಸಾಧಿಸಿದ ನಾಲ್ಕನೆಯ ದೇಶ ಭಾರತ. ರಾಕೆಟಿನ ಕೊನೆಯ ಹಂತದ ಮೇಲೆ 24 ಪ್ರಯೋಗಗಳಿದ್ದವು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಸಂಸ್ಥೆಯ ಕೆಲಸವೂ ಅದರಲ್ಲಿತ್ತು. ಒಂದು ಪುಟ್ಟ ಡಬ್ಬಿಯಲ್ಲಿ ಎಂಟು ಅಲಸಂದಿ ಕಾಳುಗಳಿದ್ದವು. ಮರಾಠಿಯಲ್ಲಿ ಚವಳಿ ಎನ್ನುತ್ತಾರಲ್ಲ, ಅದೇ. ನಾಲ್ಕೇ ದಿನದಲ್ಲಿ ಅವು ಮೊಳಕೆಯೊಡೆದವು, ಆಮೇಲೆ ಎಲೆಯೂ ಬಂತು. ಅವನ್ನು ಹೊತ್ತಿದ್ದ ಆ ಕೊನೆಯ ಹಂತವೂ ಏಪ್ರಿಲ್ 4ರಂದು ವಾತಾವರಣಕ್ಕೆ ಮರಳಿ ತನ್ನ ಆಟ ಮುಗಿಸಿತು. ಮಣ್ಣಿಗೆ ಬಿದ್ದ ಗೋಧಿ ಕಾಳಿನ ಕುರಿತು ಪ್ರಭು ಯೇಸು ಆಡಿದ ಮಾತನ್ನು ನಾವು ಎಷ್ಟು ಸಲ ಓದಿಲ್ಲ!

ಮರುದಿನ, ವರ್ಷದ ಕೊನೆಯ ಬೆಳಿಗ್ಗೆ, ಲಾಡ್ಜಿನ ಕೋಣೆಯಲ್ಲಿ ಬಲಿಪೂಜೆ ಅರ್ಪಿಸಿದೆವು. ಆಗಷ್ಟೇ ಆರಂಭವಾಗಿದ್ದ ಜೂಬಿಲಿ ವರ್ಷದ ಧ್ಯೇಯ 'ಭರವಸೆಯ ಯಾತ್ರಿಕರು'. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ತುಂಬಾ ಜನರಿಗಾಗಿ, ಯಾನಾದಿಗಳಿಗಾಗಿ, ಅಂದು ದೋಣಿ ಇಳಿಸದ ಮೀನುಗಾರರಿಗಾಗಿ ಬೇಡಿದೆವು. ಇಚಲಕರಂಜಿಯ ತಂದೆ ಗಟ್ಟಿಯಾಗಿ ಹೇಳಿದ್ದು ಒಂದೇ ಬಿನ್ನಹ: "ಮಕ್ಕಳನ್ನ ಕಳಸೂ ಶಕ್ತಿ ಎಲ್ಲಾ ತಾಯಿತಂದೆಗೂ ಕೊಡು, ಪ್ರಭುವೇ." ಫೆಬ್ರವರಿಯಲ್ಲಿ ಅವರು ಮಗಳ ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿಸಿದರು. ಮುಂದಿನದು ಅವರ ಮನೆಯ ಮಾತು.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದ ಮಕ್ಕಳನ್ನೂ ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಉಡಾವಣೆಯ ದಿನ ಬದಲಾಗಬಹುದು, ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡಿರಿ. ಟಾರ್ಚು, ನೀರು, ಬೆಚ್ಚನೆ ಬಟ್ಟೆ ಜೊತೆಗಿರಲಿ. ಫೋಟೋದ ಚಿಂತೆಯನ್ನು ಒಬ್ಬರಿಗೆ ಒಪ್ಪಿಸಿ, ಉಳಿದವರು ಬರಿಗಣ್ಣಿನಿಂದ ನೋಡಿರಿ. ಬೆಳಕು ಕಂಡ ಕೂಡಲೇ ಹೊರಟು ಬಿಡಬೇಡಿ. ಸದ್ದು ಬರಲು ಇನ್ನೂ ಒಂದು ನಿಮಿಷವಿರುತ್ತದೆ.