ಅವ್ವನ ನರ, ಕಾಕಾನ ನರ

ನಮ್ಮ ತುಕ್ಕಾನಟ್ಟಿಯಲ್ಲಿ ಮೈಯೊಳಗಿನ ದಾರದಂಥದ್ದಕ್ಕೆಲ್ಲ ಒಂದೇ ಹೆಸರು, ನರ. ಕುತ್ತಿಗೆ ಹಿಡಿದರೂ ನರ, ಕೈ ಜೋಮು ಹಿಡಿದರೂ ನರ, ಕಾಲಲ್ಲಿ ನೀಲಿ ಗಂಟು ಎದ್ದರೂ ನರ. ಶಾಲೆಯಲ್ಲಿ ಅಪಧಮನಿ, ಅಭಿಧಮನಿ ಅಂತ ಬಾಯಿಪಾಠ ಮಾಡಿದ್ದೆವು. ಪರೀಕ್ಷೆ ಮುಗಿದ ಮೇಲೆ ಆ ಪದಗಳನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅವುಗಳ ವ್ಯತ್ಯಾಸ ಬೇಕಾದದ್ದು ಹೋದ ದೀಪಾವಳಿಗೆ, ಒಂದು ಜೊತೆ ಕಾಲುಚೀಲದ ಸಲುವಾಗಿ.

ಅವ್ವನಿಗೆ ವೆರಿಕೋಸ್ ವೇನ್ಸ್ ಇದೆ. ಹೃದಯದಿಂದ ಕಾಲಿಗೆ ರಕ್ತ ತರುವುದು ಅಪಧಮನಿ, ಅದನ್ನು ವಾಪಸ್ ಮೇಲಕ್ಕೆ ಒಯ್ಯುವುದು ಅಭಿಧಮನಿ. ಈ ಅಭಿಧಮನಿಯೊಳಗೆ ಸಣ್ಣ ಸಣ್ಣ ಕವಾಟಗಳಿರುತ್ತವೆ, ಬಾವಿ ಪಂಪಿನ ಫುಟ್‌ವಾಲ್ವ್ ಇದ್ದಹಾಗೆ. ನಡೆಯುವಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲೆ ನೂಕುತ್ತದೆ, ಕವಾಟ ಅದನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಕವಾಟ ಸಡಿಲಾದರೆ ರಕ್ತ ಕೆಳಗೇ ನಿಂತು ನರ ಉಬ್ಬುತ್ತದೆ. ಮನೆತನದಲ್ಲಿದ್ದರೆ, ಹೆರಿಗೆಗಳಾಗಿದ್ದರೆ, ದಿನವಿಡೀ ನಿಂತು ಕೆಲಸ ಮಾಡಿದರೆ ಇದು ಹೆಚ್ಚು. ಗ್ಯಾಸ್ ಕಟ್ಟೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ರೊಟ್ಟಿಯನ್ನೂ ನಿಂತೇ ಬಡಿಯುತ್ತಾರಲ್ಲ! ಗೋಕಾಕದಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಬಿಗಿ ಕಾಲುಚೀಲ ಹಾಕಿಕೊಳ್ಳಿ, ಮಲಗುವಾಗ ಕಾಲ ಕೆಳಗೆ ದಿಂಬು ಇಡಿ ಅಂದರು. ಅವ್ವನಿಗೆ ಆರಾಮ ಅನ್ನಿಸಿತು.

ಅದನ್ನು ಕಂಡ ಕಾಕಾ, "ವೈನಿ, ನಿನ್ನ ಹಳೇ ಕಾಲಚೀಲ ನನಗ ಕೊಡು, ನನ್ನ ನರಾನೂ ಜಗ್ಗತಾವ" ಅಂದ. ಅವ್ವ ತರಲು ಎದ್ದೂಬಿಟ್ಟಳು. ನನಗೆ ಯಾಕೋ ಸರಿ ಕಾಣಲಿಲ್ಲ. ಕಾಕಾನ ಕಾಲಲ್ಲಿ ಒಂದೂ ಉಬ್ಬಿದ ನರ ಇರಲಿಲ್ಲ. ಪಾದ ತಣ್ಣಗಿತ್ತು, ಹೆಬ್ಬೆರಳಿನ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ. ಸಕ್ಕರೆ ಕಾಯಿಲೆ, ಮೇಲೆ ಬೀಡಿ. ಬಸ್‌ಸ್ಟ್ಯಾಂಡಿನ ತನಕ ನಡೆದರೆ ಮೀನಖಂಡ ಹಿಡಿಯುತ್ತಿತ್ತು, ಎರಡು ನಿಮಿಷ ನಿಂತರೆ ಬಿಡುತ್ತಿತ್ತು. "ಮೊದಲು ತೋರಿಸೂಣು ಕಾಕಾ" ಅಂದೆ.

ಬೆಳಗಾವಿಯ ಡಾಕ್ಟರು ತೋಳಿನಲ್ಲೂ ಪಾದದ ಗಂಟಿನ ಹತ್ತಿರವೂ ಬಿಪಿ ನೋಡಿದರು. ಕಾಲಿನದ್ದನ್ನು ತೋಳಿನದ್ದರಿಂದ ಭಾಗಿಸಿದರೆ ಸುಮಾರು 1 ಬರಬೇಕು, 0.9ಕ್ಕಿಂತ ಕಡಿಮೆಯಾದರೆ ಅಪಧಮನಿ ಕಟ್ಟಿದೆ ಎಂದರ್ಥ. ಕಾಕಾನದು 0.5. "ಬರುವ ರಕ್ತವೇ ಅರ್ಧ, ಅದರ ಮೇಲೆ ಬಿಗಿ ಚೀಲ ಹಾಕಿದ್ದರೆ ಬೆರಳು ಕಪ್ಪಾಗುತ್ತಿತ್ತು" ಅಂದರು. ಕಾಕಾ ಗಪ್ಪಾಗಿಬಿಟ್ಟ.

ಅವ್ವನ ಕಾಲು ನಿಂತರೆ ನೋಯುತ್ತದೆ, ಮೇಲೆತ್ತಿದರೆ ಆರಾಮ. ಕಾಕಾನದು ನಡೆದರೆ ನೋವು. ರಾತ್ರಿ ನೋವು ಬಂದರೆ ಮಂಚದಿಂದ ಕಾಲು ಇಳಿಬಿಟ್ಟರೇ ಅವನಿಗೆ ನಿದ್ದೆ. ಅಭಿಧಮನಿಯ ಹುಣ್ಣು ಹೆಚ್ಚಾಗಿ ಹಿಮ್ಮಡಿ ಗಂಟಿನ ಒಳಮಗ್ಗುಲಲ್ಲಿ, ಅಪಧಮನಿಯದು ಬೆರಳ ತುದಿಯಲ್ಲಿ. ಎರಡಕ್ಕೂ ನಮ್ಮೂರ ಮದ್ದು ಒಂದೇ, ಎಣ್ಣೆ ಹಚ್ಚಿ ತಿಕ್ಕುವುದು. ನನ್ನಂತೆ ತಾಸುಗಟ್ಟಲೆ ಕಂಪ್ಯೂಟರ್ ಮುಂದೆ ಕೂರುವವರಿಗೆ ಇನ್ನೊಂದು ಮಾತು: ಒಂದೇ ಕಾಲು ದಿಢೀರನೆ ಬಾತು ನೋಯತೊಡಗಿದರೆ ತಿಕ್ಕಲೇಬೇಡಿ. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಿ.

ಕಾಕಾನಿಗೆ ಬಲೂನ್ ಹಾಕಿ ರಕ್ತನಾಳ ತೆರೆದರು. ಗಾಯ ಈಗ ಒಣಗುತ್ತಿದೆ. ದಿನಾ ಕಾಲುವೆ ತನಕ ನಡೆಯುತ್ತಾನೆ. ಬೀಡಿ ಬಿಟ್ಟೀನಿ ಅನ್ನುತ್ತಾನೆ, ಕಾಕುನ ಹೇಳಿಕೆ ಬೇರೆ ಇದೆ.